ಅಳತೆ ಒಳಗಿಂದೋ, ಹೊರಗಿಂದೋ?

ದಾಂಡೇಲಿಯಲ್ಲಿ ಫೋಟೊಗಳಿಗೆ ಫ್ರೇಮ್ ಹಾಕುತ್ತಿದ್ದ ಚಾಚಾ ಒಬ್ಬರು ಆಮೇಲೆ ವೆಬ್ ಪುಟ ಮಾಡುವುದನ್ನೂ ಕಲಿತಿದ್ದರು. "ಅಳತಿ ಒಳಗಿಂದೋ, ಹೊರಗಿಂದೋ?" ಎಂದು ಗಿರಾಕಿಯನ್ನು ಕೇಳದೆ ಕೆಲಸ ಮುಟ್ಟಿದವರಲ್ಲ.

ಗಣೇಶಗುಡಿಯ ನನ್ನ ಹೋಮ್‌ಸ್ಟೇಗೆ ಅವರೇ ಪುಟ ಮಾಡಿಕೊಟ್ಟರು. ಅವರ ಹಳೆಯ ಬ್ರೌಸರಿನಲ್ಲಿ ಕೋಣೆ, ದರ, ಫೋನ್ ನಂಬರಿನ ಮೂರು ಚೌಕಗಳು ಒಂದೇ ಸಾಲಿನಲ್ಲಿ ಕೂತಿದ್ದವು. ಗೋವಾ ಏಜೆಂಟನ ಹೊಸ ಬ್ರೌಸರಿನಲ್ಲಿ ನನ್ನ ಫೋನ್ ನಂಬರಿನ ಚೌಕ ಕೆಳಗೆ ಜಾರಿತ್ತು. ಅದು ಸರಿಯಾಗುವ ತನಕ ಪ್ರವಾಸಿಗರನ್ನು ಕಳಿಸುವುದಿಲ್ಲ ಎಂದುಬಿಟ್ಟ.

ಚಾಚಾ ಟೇಪು ಎಳೆದು ಬಿಟ್ಟರು. "ಹಳೇದು ಫ್ರೇಮ್ ಹಿಡದು ಅಳೀತೈತಿ, ಸಾಹುಕಾರ್ರ. ಹೊಸಾದು ಫೋಟೊ ಅಷ್ಟ ಅಳದು, ಫ್ರೇಮ್ ಮ್ಯಾಲ ಸೇರಸ್ತೈತಿ. ಜಾಗಾ ಸಾಲಲಿಲ್ರಿ."

"ಒಳಗಿಂದೋ ಹೊರಗಿಂದೋ ಅಂತ ಆ ಬ್ರೌಸರನ್ನ ಕೇಳಲಿಲ್ಲೇನು, ಚಾಚಾ?"

ಟೇಪು ಕಿಸೆ ಸೇರಿತು. ಚೌಕದೊಳಗೆ ಇನ್ನೊಂದು ಚೌಕವಿಟ್ಟು, ಅಳತೆಯನ್ನು ಹೊರಗಿನದಕ್ಕೂ ಫ್ರೇಮಿನಂಥ ಅಂಚನ್ನು ಒಳಗಿನದಕ್ಕೂ ಕೊಟ್ಟರು. ನಂಬರು ಎರಡೂ ಬ್ರೌಸರಿನಲ್ಲಿ ಸಾಲಿನಲ್ಲೇ ಕೂತಿತು, ಪ್ರವಾಸಿಗರೂ ಬಂದರು.

ನೀವೂ ಪುಟ ಮಾಡಿಸುವುದಾದರೆ, ಚಾಚಾನ ಪ್ರಶ್ನೆಯನ್ನು ಮೊದಲು ಚಾಚಾನಿಗೇ ಕೇಳಿ.