ಚಿಹ್ನೆ ಇಲ್ಲದ ಫ್ಲೆಕ್ಸ್

ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ನಾನೂ ನನ್ನ ಗಂಡನೂ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡಿದ್ದೇವೆ. ಮಷಿನ್ ಅವರದು, ಕಂಪ್ಯೂಟರ್ ನನ್ನದು. ಯಾರ ಮುಖ ದೊಡ್ಡದಾಗಬೇಕು, ಯಾರದು ಮೂಲೆಗೆ ಹೋಗಬೇಕು ಎಂದು ಹೇಳಿಸಿಕೊಂಡು ಹೇಳಿಸಿಕೊಂಡು ನನಗೆ ಯಾರನ್ನೂ ನಂಬದ ಚಟ ಅಂಟಿಬಿಟ್ಟಿದೆ.

ಶಾಸಕರ ಹುಟ್ಟುಹಬ್ಬದ ಫ್ಲೆಕ್ಸ್ ಪ್ರತಿವರ್ಷ ನಮ್ಮದೇ. ಮೇಲೆ ಪಕ್ಷದ ನಾಯಕರ ಸಾಲು, ಬದಿಗೆ ಚಿಹ್ನೆ, ನಡುವೆ ಕೈಮುಗಿದ ಶಾಸಕರು. ಒಂದು ವರ್ಷ ಅವರ ಆಪ್ತ ಸಹಾಯಕ ಬಂದಾಗ ಹಳೆಯ ಡಿಸೈನನ್ನೇ ತೆರೆದೆ.

"ಅಕ್ಕಾರ, ಈ ಸಲ ಮ್ಯಾಲಿನ ಫೋಟೋ ಎಲ್ಲಾ ತೆಗೀರಿ. ಚಿಹ್ನಿನೂ ಬ್ಯಾಡ. ಸಾಹೇಬ್ರು ಒಬ್ರ ಇರ್ಲಿ."

"ಮ್ಯಾಲ ಏನ್ ಹಾಕ್ಲಿ ಮತ್ತ?"

"ಆಕಾಶ ಹಾಕ್ರಿ."

ಶಾಸಕರು ಪಕ್ಷ ಬಿಡುವ ಸುಳಿವು ಅದು. ಶಾಸಕರು ಎಲ್ಲಿಗಾದರೂ ಹಾಳಾಗಿ ಹೋಗಲಿ, ನನಗಿದ್ದ ಚಿಂತೆ ಅಣ್ಣನದು.

ಉಜ್ಜಿನಿ ಕಡೆಯ ನನ್ನ ತವರಿನಲ್ಲಿ ಅಣ್ಣ ಶಾಸಕರ ಪಕ್ಷಕ್ಕಾಗಿ ಓಡಾಡುತ್ತಿದ್ದ. ನಮ್ಮದು ಕುರಿ ಸಾಕುವ ಮನೆತನ. ದೇವರ ಭಂಡಾರ, ಅಂದರೆ ಅರಿಸಿನದ ಪುಡಿ ಮುಟ್ಟಿ ಆಡಿದ ಮಾತನ್ನು ನಮ್ಮವರು ಮುರಿಯುವುದಿಲ್ಲ. ಮುರಿದವರ ಮನೆಯಲ್ಲಿ ನೀರೂ ಕುಡಿಯುವುದಿಲ್ಲ. ಚುನಾವಣೆಗೆ ಮುಂಚೆ ಗುಡಿಕಟ್ಟೆಯಲ್ಲಿ ಜನ, "ಗೆದ್ದಮ್ಯಾಲ ಈತ ಪಕ್ಷ ಬಿಡ್ತಾನ" ಎಂದು ಗೊಣಗಿದಾಗ, ಬಿಡುವುದಿಲ್ಲವೆಂದು ಭಂಡಾರ ಮುಟ್ಟಿದವನು ಶಾಸಕನಲ್ಲ, ನಮ್ಮಣ್ಣ. ಇನ್ನೊಬ್ಬನ ನಾಲಗೆಗೆ ತಾನು ಜಾಮೀನು ನಿಂತ ಹುಚ್ಚ!

ತಕ್ಷಣ ಫೋನ್ ಮಾಡಿದೆ.

"ಅಣ್ಣಾ, ನಿಮ್ ಸಾಹೇಬ ಹೊಂಟಾನ."

"ನಿನಗ ಎಲ್ಲಾದ್ರಾಗೂ ಅನುಮಾನ. ನನ್ ಹೆಗಲ ಮ್ಯಾಲ ಕೈ ಇಟ್ಟು ಮಾತಾಡ್ತಾರ ಅವ್ರು. ಹೋಗೋರಾಗಿದ್ರ ನನಗ ಹೇಳ್ತಿದ್ದಿಲ್ಲೇನು?"

ಹುಟ್ಟುಹಬ್ಬದ ಫ್ಲೆಕ್ಸ್ ಇಳಿಸುವ ಮೊದಲೇ ಶಾಸಕರು ರಾಜೀನಾಮೆ ಕೊಟ್ಟು ಎದುರು ಪಕ್ಷದ ಶಾಲು ಹೊದ್ದರು. ಕ್ಷೇತ್ರದ ಅಭಿವೃದ್ಧಿಗಾಗಿ ಎಂದರು. ಉಪಚುನಾವಣೆಯಲ್ಲಿ ಅದೇ ಮುಖ ಬೇರೆ ಬಣ್ಣದಲ್ಲಿ ಗೆದ್ದಿತು. ಆ ಫ್ಲೆಕ್ಸೂ ನಾವೇ ಮುದ್ರಿಸಿದೆವು.

ಇತ್ತ ಅಣ್ಣ ಗುಡಿಕಟ್ಟೆಗೆ ಹೋಗಿ ಕೂತರೆ ಪಕ್ಕದವರು ಎದ್ದುಹೋಗುತ್ತಿದ್ದರು. ಮನೆಗೆ ಬಂದ ಸೋದರಮಾವ ಅತ್ತಿಗೆ ಕೊಟ್ಟ ನೀರಿನ ತಂಬಿಗೆಯನ್ನು ಮುಟ್ಟಲೇ ಇಲ್ಲ. ಕೊನೆಗೆ ಅಣ್ಣ ದೇವರ ಮುಂದೆ ಅಡ್ಡಬಿದ್ದು ತಪ್ಪಾಯಿತೆಂದ. ಊರಿಗೆ ಊಟ ಹಾಕಿಸಿದ. "ಇನ್ನ ಯಾರ ಸಲುವಾಗೂ ಮಾತು ಕೊಡಂಗಿಲ್ಲ" ಎಂದು ಅವನು ಅಂದಾಗ ನನಗೆ ಅಳು ತಡೆಯಲಾಗಲಿಲ್ಲ. ಇಡೀ ರಾಜಕೀಯದಲ್ಲಿ ನಾನು ನಂಬುತ್ತಿದ್ದ ಒಬ್ಬನೇ ಒಬ್ಬ ಅವನು.

ಹೋದ ತಿಂಗಳು ಅಂಗಡಿಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಹೊಸ ಪೆನ್ನು. ಹಬ್ಬಕ್ಕೆ ಊರ ಜನರಿಗೆ ಶುಭಾಶಯ ಕೋರುವ ಫ್ಲೆಕ್ಸ್ ಬೇಕಂತೆ, ತನ್ನ ಫೋಟೋ ಹಾಕಿ. ಸಾಹೇಬರು ಅವನಿಗೆ ಫೋನ್ ಮಾಡಿದ್ದರಂತೆ ಎಂದು ಅತ್ತಿಗೆ ಹಿಂದಿನ ದಿನವೇ ನನಗೆ ಹೇಳಿದ್ದಳು. ಅವನು ಆ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ.

ಅವನ ಫೋಟೋವನ್ನು ನಡುವೆ ಇಟ್ಟು ಕೇಳಿದೆ: "ಮ್ಯಾಲ ಯಾರನ್ನ ಹಾಕ್ಲಿ ಅಣ್ಣಾ? ಹಳೇ ಪಕ್ಷದವ್ರನ್ನೇನು?"

ನನ್ನ ಮುಖ ನೋಡದೆ, ಕಂಪ್ಯೂಟರ್ ಪರದೆಯನ್ನೇ ನೋಡುತ್ತ ಅಣ್ಣ ಹೇಳಿದ:

"ಆಕಾಶ ಹಾಕವ್ವ."