ಅರಿಶಿನವಿಲ್ಲದ ಕಾಗದ

ನಕ್ಕರೆ ನಮ್ಮಣ್ಣನ ಎಡಗಣ್ಣು ಪೂರಾ ಮುಚ್ಚಿಹೋಗುತ್ತಿತ್ತು. ನೀಲಿ ಟೋಪಿ ಹಾಕಿಕೊಂಡು ತೆಗೆಸಿದ ಮಿಲಿಟರಿ ಫೋಟೋದಲ್ಲೂ ಹಾಗೇ, ಯಾರಿಗೋ ಕಣ್ಣು ಹೊಡೆಯುತ್ತಿರುವವನಂತೆ ಇದ್ದಾನೆ. ಆಫ್ರಿಕಾದ ಒಂದು ದೇಶದಲ್ಲಿ ಅಲ್ಲಿಯವರೇ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲ. ಶಾಂತಿ ಕಾಯಲು ಹೊರಟ ನಮ್ಮ ದಂಡಿನಲ್ಲಿ ಮಾದಿಹಳ್ಳಿಯ ಈ ಹುಡುಗನೂ ಇದ್ದ.

"ಕಂಡೋರ ಮನೆ ಜಗಳಕ್ಕೆ ನೀನ್ಯಾಕ್ಲಾ ಹೋಯ್ತೀಯ?" ಎಂದು ಅವ್ವ ಅರಸೀಕೆರೆ ಸ್ಟೇಷನ್ನಿನವರೆಗೂ ಬೈಯುತ್ತಲೇ ಬಂದಳು.

"ಬಿಡ್ಸಾಕೆ ಕಣವ್ವ" ಎಂದು ನಕ್ಕು ಅಣ್ಣ ರೈಲು ಹತ್ತಿದ.

ಅವ್ವನಿಗೆ ಓದು ಬಾರದು. ಅದಕ್ಕೇ ಅವನು ಪೌಡರ್ ಡಬ್ಬಿ ತುಂಬ ಅರಿಶಿನ ಒಯ್ದಿದ್ದ. ನಮ್ಮ ಕಡೆ ಶುಭದ ಕಾಗದದ ಮೂಲೆಗೆ ಅರಿಶಿನ ಹಚ್ಚುತ್ತಾರೆ. ಸಾವಿನ ಕಾಗದವನ್ನು ಹೊರಗೇ ಓದಿ ಹರಿದು ಹಾಕುತ್ತಾರೆ, ಮನೆಯೊಳಗೆ ತರುವುದಿಲ್ಲ. ಅಣ್ಣನ ಲಕೋಟೆಗಳ ಮೂಲೆಯ ಹಳದಿ ಕಂಡರೆ ಸಾಕು, ಅವ್ವನ ಮುಖ ಅರಳುತ್ತಿತ್ತು. ಒಳಗಿರುತ್ತಿದ್ದುದು ಬರೀ ತರಲೆ. "ತಂಗೀನ ಓದ್ಸು, ಅವಳ ಬಾಯಿಗೆ ಗಂಡು ಸಿಕ್ಕಲ್ಲ" ಎಂದು ಬರೆದಿದ್ದನ್ನು ನಾನೇ ಓದಿ ಹೇಳಬೇಕಿತ್ತು!

ಒಮ್ಮೆ ಕಾಗದ ಬಹಳ ತಡವಾಯಿತು. ರೇಡಿಯೋದಲ್ಲಿ ಅಲ್ಲಿಯ ಗುಂಡಿನ ಸುದ್ದಿ. ಕೊನೆಗೆ ಬಂದ ಲಕೋಟೆಗೆ ಅರಿಶಿನವಿರಲಿಲ್ಲ.

"ಒಳೀಕೆ ತರ್ಬ್ಯಾಡ" ಎಂದಳು ಅವ್ವ.

"ವಿಳಾಸ ಅಣ್ಣನ ಕೈಬರಹವೇ ಕಣವ್ವ."

"ಅವ್ನು ಬರ್ದಿಟ್ಟಿದ್ನ ಇನ್ಯಾರೋ ಹಾಕಿದ್ರೆ?"

ಅಪ್ಪ ಹೇಳಿದರೂ ಒಡೆಯಲು ಬಿಡದೆ, ಅವ್ವ ಅದನ್ನು ಕೊಟ್ಟಿಗೆಯ ತೊಲೆಯ ಸಂದಿಗೆ ಸಿಕ್ಕಿಸಿದಳು. ಅದರ ಕೆಳಗೇ ಹಾಲು ಕರೆಯುತ್ತಿದ್ದಳು, ತಲೆ ಮಾತ್ರ ಎತ್ತುತ್ತಿರಲಿಲ್ಲ. ಓದುವ ತನಕ ಮಗ ಬದುಕಿದ್ದಾನೆ ಎಂಬುದು ಅವಳ ಲೆಕ್ಕ. ನನಗೆ ಅಷ್ಟು ತಾಳ್ಮೆ ಎಲ್ಲಿ? ಒಂದು ಬೆಳಿಗ್ಗೆ ಅವ್ವ ಹಾಲು ಕರೆಯುತ್ತಿದ್ದಾಗಲೇ ಕಾಗದವನ್ನು ಎಳೆದು, ಒಡೆದು, ಗಟ್ಟಿಯಾಗಿ ಓದಿಯೇಬಿಟ್ಟೆ.

"ಅವ್ವಾ, ಹೆದರ್ಬೇಡ, ಚೆನ್ನಾಗಿದ್ದೀನಿ. ಜೊತೆಯವನ ಹೆಗಲಿಗೆ ಗುಂಡು ಬಿತ್ತು. ರಕ್ತ ನಿಲ್ಲದೆ ಡಬ್ಬಿಯ ಅರಿಶಿನವನ್ನೆಲ್ಲ ಗಾಯಕ್ಕೆ ಸುರಿದು ಒತ್ತಿ ಹಿಡಿದೆ. ಡಾಕ್ಟರು ಬೈದರು, ಆದರೆ ಅವನು ಉಳಿದ. ಬೇರೆ ಅರಿಶಿನ ಕಳಿಸು."

ಅವ್ವ ಚೊಂಬು ಕೆಳಗಿಟ್ಟು ಒಳಗಿನಿಂದ ಅರಿಶಿನ ತಂದಳು. ಹಾಲಿನ ಕೈಯಲ್ಲೇ ಲಕೋಟೆಯ ಮೂಲೆಗಳಿಗೆ ತಾನೇ ಹಚ್ಚಿ, ಅದನ್ನು ದೇವರ ಮುಂದೆ ಇಟ್ಟಳು.

ಹೊಸದಾಗಿ ಕುಟ್ಟಿದ ಅರಿಶಿನದ ಪೊಟ್ಟಣವನ್ನು ಹಳೇಬೀಡಿನ ಪೋಸ್ಟಾಫೀಸಿಗೆ ಒಯ್ಯುವ ಮೊದಲೇ ಮನೆ ಮುಂದೆ ಮಿಲಿಟರಿ ಜೀಪು ನಿಂತಿತು. ಅಣ್ಣ ಹೋಗಿಬಿಟ್ಟಿದ್ದ. ಸಾವು ಕಾಗದದಲ್ಲೇ ಬರಬೇಕೆಂದಿಲ್ಲ ಎಂಬುದು ನಮಗೆ ಹೊಳೆದೇ ಇರಲಿಲ್ಲ.

ವರ್ಷ ಕಳೆದ ಮೇಲೆ ಒಬ್ಬ ಎತ್ತರದ ಹುಡುಗ ವಿಳಾಸ ಹುಡುಕಿಕೊಂಡು ಬಂದ. ಅಣ್ಣ ಉಳಿಸಿದ್ದ ಆ ಜೊತೆಯವನು. ಅವನಿಗೆ ಕನ್ನಡ ಬಾರದು, ಅವ್ವನಿಗೆ ಹಿಂದಿ ಬಾರದು, ನನ್ನ ಸ್ಕೂಲಿನ ಹಿಂದಿ ಅಳುವಿನಲ್ಲಿ ಮರೆತೇ ಹೋಯಿತು. ಅವ್ವ ಅವನ ಹೆಗಲ ಕಡೆ ಬೆರಳು ತೋರಿಸಿದಳು. ಅವನು ಅಂಗಿಯ ಗುಂಡಿ ಬಿಚ್ಚಿದ.

"ನನ್ ಮಗ ಕೈ ಇಟ್ಟಿದ್ದು ಇಲ್ಲೇ ಏನಪ್ಪ?" ಎಂದು ಗಾಯದ ಕಲೆಯ ಮೇಲೆ ಅಂಗೈ ಇಟ್ಟಳು. ಏನು ಅರ್ಥವಾಯಿತೋ, ಅವನು ಹೂಂ ಎಂದ. ಅವ್ವ ಬಹಳ ಹೊತ್ತು ಕೈ ತೆಗೆಯಲಿಲ್ಲ.