ಸತ್ತ ಮೈದುನನಿಗೆ ಸಿಹಿ ದಾಲ್

ಸತ್ತವರನ್ನು ಕರೆಸುವುದು ಪಾಪವೆಂದು ಕಾನ್ವೆಂಟಿನಲ್ಲಿ ಸಿಸ್ಟರುಗಳು ಹೇಳಿದ್ದರು. ಯಾಕೆಂದು ಹೇಳಿರಲಿಲ್ಲ. ಮೈದುನ ತೀರಿಕೊಂಡ ಮೇಲೆ ಅತ್ತೆ ಊಟ ಬಿಟ್ಟಾಗ ನನಗೂ ಪಾಪದ ನೆನಪಾಗಲಿಲ್ಲ. ಸೂರತ್ತಿನಲ್ಲಿ ಹಾಗೆ ಕರೆಸುವವನೊಬ್ಬ ಇದ್ದಾನೆಂದು ಕೇಳಿ, ನಾವಿರುವ ಬೋಪಲ್ ಬಡಾವಣೆಯಿಂದ ಅತ್ತೆಯನ್ನು ಕಾರಿನಲ್ಲಿ ಕರೆದೊಯ್ದೆವು.

ಸೂರತ್ತಿನ ವರಾಛಾದಲ್ಲಿ ವಜ್ರ ಉಜ್ಜುವ ಕಾರ್ಖಾನೆಯ ಮೇಲಿನ ಕೋಣೆ. ಆತ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದ. ಕಾಲರಿನಲ್ಲಿ ಲಾಂಡ್ರಿಯ ಚೀಟಿ ಹಾಗೇ ಇತ್ತು. ಎರಡು ಗಂಟೆಗೆ ನೆಲ ಸಣ್ಣಗೆ ನಡುಗಿತು. "ಬಂದ ನೋಡು," ಎಂದು ಅತ್ತೆ ನನ್ನ ಕೈ ಹಿಡಿದರು. ಕೆಳಗೆ ಊಟದ ಬಿಡುವು ಮುಗಿದು ಯಂತ್ರಗಳು ಶುರುವಾಗಿದ್ದವು; ನಾನು ಹೇಳಲಿಲ್ಲ. ವಾಪಸು ಬರುವಾಗ ವಡೋದರಾದಲ್ಲಿ ಅತ್ತೆ ಎರಡು ಇಡ್ಲಿ ತಿಂದರು. ಅಷ್ಟು ಉಪಕಾರವಾಯಿತೆಂದು ಒಪ್ಪುತ್ತೇನೆ.

ಆಮೇಲೆ ಹೋಗಿ ಕೇಳಿಬರುವುದೇ ಅತ್ತೆಗೆ ಚಟವಾಯಿತು. ಬದುಕಿದ್ದಾಗ ಪರದೆಯ ಬಣ್ಣ ಕೇಳಿದರೂ "ನಿಮ್ಮಿಷ್ಟ ಅತ್ತಿಗೆ" ಎನ್ನುತ್ತಿದ್ದ ಮೈದುನ, ಸತ್ತಮೇಲೆ ಫ್ರಿಜ್ ಯಾವ ಗೋಡೆಗಿರಬೇಕೆಂದೂ ತೀರ್ಮಾನಿಸತೊಡಗಿದ. ಸರ್ಕಾರಿ ಪ್ರಯೋಗಾಲಯದ ವಿಜ್ಞಾನಿಯಾದ ನನ್ನ ಗಂಡ ಅದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಮನೆಯಲ್ಲಿ ಜಗಳ ಕಡಿಮೆಯಾಯಿತು, ನಿಜ. ಸತ್ತವನ ಜೊತೆ ಯಾರು ವಾದಿಸುತ್ತಾರೆ?

ಆಗಲೇ ಸೂರತ್ತಿನದೇ ಉಧ್ನಾದ ಬಟ್ಟೆ ಮಿಲ್ಲಿನ ಮ್ಯಾನೇಜರೊಬ್ಬರು ನನ್ನ ಓರಗಿತ್ತಿಯನ್ನು, ಅಂದರೆ ಮೈದುನನ ಹೆಂಡತಿಯನ್ನು, ಮದುವೆಯಾಗುತ್ತೇನೆಂದು ಕೇಳಿದರು. ಅವಳಿಗೂ ಮನಸ್ಸಿತ್ತು. ಅತ್ತೆ ಸೂರತ್ತಿಗೆ ಹೋಗಿ ಕೇಳಿಕೊಂಡು ಬಂದರು. ಮಗ ಬೇಡ ಅಂದನಂತೆ. ಜೊತೆಗೆ, ಹಸಿವಾಗಿದೆ, ಬೆಲ್ಲ ಹಾಕಿದ ದಾಲ್ ಎಡೆಗಿಡಿ ಅಂದನಂತೆ.

ಇಲ್ಲಿನ ಗುಜರಾತಿ ಸಿಹಿ ದಾಲ್ ಕಂಡರೆ ತಟ್ಟೆ ಸರಿಸುತ್ತಿದ್ದವನು. ಮದುವೆಮನೆಗಳಿಗೆ ಜೇಬಿನಲ್ಲಿ ಚಟ್ನಿಪುಡಿಯ ಪೊಟ್ಟಣ ಒಯ್ಯುತ್ತಿದ್ದ. ಆದರೂ ನಾನು ಮಾಡಿದೆ. ನನ್ನ ಮೇಲೂ ನನಗೆ ಅಷ್ಟೇ ಅಸಹ್ಯ.

ಓರಗಿತ್ತಿ ಎಡೆಯ ಮುಂದೆ ಬಟ್ಟಲನ್ನೇ ನೋಡುತ್ತ ನಿಂತಳು. "ಅತ್ತೆ, ಇದನ್ನ ಅವರು ಮುಟ್ತಾನೂ ಇರಲಿಲ್ಲ."

"ಸತ್ತಮೇಲೆ ನಾಲಿಗೆ ಬದಲಾಗಿರತ್ತಮ್ಮ."

"ನಾಲಿಗೆ ಬದಲಾಯ್ತು, ಮಾತೂ ಬದಲಾಯ್ತು. ಆಸ್ಪತ್ರೇಲಿ, ನಿಮ್ಮೆದುರಿಗೇ, ಇನ್ನೊಂದು ಮದುವೆ ಮಾಡ್ಕೋ ಅಂದಿದ್ರು. ಇವರ್ಯಾರೋ ಬೆಲ್ಲದ ದಾಲ್ ತಿನ್ನೋರು. ನನಗೆ ಗುರುತಿಲ್ಲ."

"ಭಾನುವಾರ ಹೋಗಿ ಇನ್ನೊಮ್ಮೆ ಕೇಳೋಣ," ಎಂದರು ನನ್ನ ಗಂಡ. ಅವಳು ಕೈ ಒರೆಸಿಕೊಂಡು, ಉಧ್ನಾಕ್ಕೆ ಫೋನ್ ಮಾಡಲು ಬಾಲ್ಕನಿಗೆ ಹೋದಳು.

ಎಡೆ ತೆಗೆದ ಮೇಲೆ ಆ ದಾಲನ್ನು ಗಂಡನ ತಟ್ಟೆಗೆ ಬಡಿಸಿದೆ.